ಅಡತಿ ಕಾಕುವಿನ ರಾಜಕಾರಣ

ಚುನಾವಣೆಯ ದಿನಾಂಕ ಇನ್ನೂ ಗೊತ್ತಾಗಿಲ್ಲ. ಆದರೂ ಬೈಲಹೊಂಗಲದ ನನ್ನ ಫೋಟೋ ಸ್ಟುಡಿಯೋಕ್ಕೆ ಟಿಕೆಟ್ ಆಕಾಂಕ್ಷಿಗಳು ಬರತೊಡಗಿದ್ದಾರೆ. ಅಂಗಿ ಹೊಸದು, ಇಸ್ತ್ರಿ ಗಟ್ಟಿ, ಕೈಮುಗಿಯುವ ಭಂಗಿ ಮಾತ್ರ ಇನ್ನೂ ರೂಢಿಯಾಗಿಲ್ಲ. "ಜರಾ ನಗ್ರಿ ಸಾಹೇಬ್ರ" ಎಂದರೆ ಹಲ್ಲುನೋವು ಬಂದವರಂತೆ ಮುಖ ಮಾಡುತ್ತಾರೆ. ಎಲ್ಲ ಪಕ್ಷದವರಿಗೂ ಫೋಟೋ ತೆಗೆಯುವವಳು ನಾನೇ. ಅವರಲ್ಲಿ ಒಂದು ಪಕ್ಷದವರು, ಹಿರಿಯರು, ಧರ್ಮ, ದೇಶ ಎಂದೇ ಭಾಷಣ ಶುರು ಮಾಡುವವರು, ಕುರ್ಚಿಯಿಂದ ಏಳುವಾಗ ಒಂದು ಮಾತು ಹೇಳಿಯೇ ಹೋಗುತ್ತಾರೆ: "ಈ ಸಲ ಕಾಕು ಇರಬೇಕಾಗಿತ್ತು ನೋಡ್ರಿ."

ಕಾಕು ಎಂದರೆ ನಮ್ಮ ಕಡೆ ಚಿಕ್ಕಮ್ಮ. ಈ ಕಾಕು ಯಾರ ಚಿಕ್ಕಮ್ಮನೂ ಆಗಿರಲಿಲ್ಲ, ಆದರೆ ಊರೆಲ್ಲ ಹಾಗೇ ಕರೆಯುತ್ತಿತ್ತು. ಹೋದ ಯುಗಾದಿಯ ಆಸುಪಾಸಿನಲ್ಲಿ ಒಂದು ಮುಂಜಾನೆ ಪೂಜೆ ಮುಗಿಸಿ, ಪೇಪರು ಹಿಡಿದು ಪಡಸಾಲೆಯಲ್ಲಿ ಕುಳಿತವರು ಕುಳಿತಲ್ಲೇ ತೀರಿಕೊಂಡರು. ಹೃದಯ ನಿಂತಿತಂತೆ. ಅವರ ಮಣ್ಣಿಗೆ ಎಲ್ಲ ಪಕ್ಷದವರೂ ಬಂದಿದ್ದರು. ಅವರ ಪಕ್ಷದ ಧ್ವಜ ಹೊದಿಸಿದ್ದರು. ಆ ಪಕ್ಷಕ್ಕೆ ನಾನು ಜೀವಮಾನದಲ್ಲಿ ಓಟು ಹಾಕಿದವಳಲ್ಲ. ಆದರೂ ಅವರ ಬಗ್ಗೆ ಬರೆಯಬೇಕಾದವರಲ್ಲಿ ನಾನೂ ಒಬ್ಬಳು ಎಂದು ಅನಿಸಿದೆ.

ಕಾಕು ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ ನಡೆಸುತ್ತಿದ್ದರು. ರೈತರು ತಂದ ಕಾಳುಕಡಿ, ಹತ್ತಿಯನ್ನು ಹರಾಜಿಗೆ ಹಚ್ಚಿ ಮಾರಿಸಿಕೊಡುವ ದಲಾಲಿ ಅಂಗಡಿ ಅದು. ಗಂಡ ಸತ್ತಾಗ ಭಾವ ಮೈದುನರು ಅಂಗಡಿಯನ್ನು ಬೇರೆಯವರಿಗೆ ಕೊಡೋಣ ಎಂದರಂತೆ. ದಿನಕರ್ಮ ಮುಗಿದ ಮರುದಿನವೇ ಈಕೆ ತಲೆ ಮೇಲೆ ಸೆರಗು ಹೊದ್ದು ಹೋಗಿ ಗಾದಿಯ ಮೇಲೆ ಕುಳಿತರು. ಅಲ್ಲಿಯತನಕ ಆ ಯಾರ್ಡಿನಲ್ಲಿ ಹೆಂಗಸರು ಅಂದರೆ ಕಾಳು ಕೇರುವವರು, ಕಸ ಹೊಡೆಯುವವರು ಮಾತ್ರ. ಹರಾಜಿನಲ್ಲಿ ಅವರ ದನಿ ಎಲ್ಲರ ದನಿಯನ್ನೂ ದಾಟಿ ಹೋಗುತ್ತಿತ್ತು. ಆದರೆ ಸೆರಗು ಒಂದು ದಿನವೂ ತಲೆಯಿಂದ ಜಾರಿದ್ದನ್ನು ಯಾರೂ ನೋಡಲಿಲ್ಲ. ಅವರನ್ನು ಸುಧಾರಣಾವಾದಿ ಎಂದು ಯಾರಾದರೂ ಹೊಗಳಿದರೆ ಸಿಟ್ಟು ಬರುತ್ತಿತ್ತು.

"ನಾ ಏನ ಸುಧಾರಣಿ ಮಾಡಿಲ್ಲ. ಗಂಡನ ಅಂಗಡಿ ಉಳಿಸೇನಿ. ಉಳಸೂದು ನಮ್ಮ ಕೆಲಸ" ಎನ್ನುತ್ತಿದ್ದರು.

ನಾವು ಬೌದ್ಧ ದೀಕ್ಷೆ ಪಡೆದ ದಲಿತರು. ಅಪ್ಪ ಈ ಊರಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತ ಸ್ಟುಡಿಯೋ ಕಟ್ಟಿದವನು. ಅವನ ಕೈ ನಡುಗತೊಡಗಿದ ಮೇಲೆ ಕ್ಯಾಮೆರಾ ನನ್ನ ಹೆಗಲಿಗೆ ಬಂತು. ಮದುವೆಮನೆಯಲ್ಲಿ ಹೆಂಗಸು ಕ್ಯಾಮೆರಾ ಹೊತ್ತು ಓಡಾಡುವುದನ್ನು ನೋಡಿ ಬಾಯಿಬಿಟ್ಟು ಆಕ್ಷೇಪ ಎತ್ತಿದ ಮೊದಲಿಗರೇ ಕಾಕು. ಅವರ ತಂಗಿಯ ಮಗಳ ಮದುವೆಗೆ ಗಂಡಿನ ಕಡೆಯವರು ನನ್ನನ್ನು ಕರೆಸಿದ್ದರು.

"ಹೆಣ್ಣಮಗಳು ಹಿಂಗ ಸ್ಟೂಲ ಮ್ಯಾಲ ಹತ್ತಿ ನಿಂತ್ರ ಚೊಲೋ ಕಾಣತೈತೇನ?" ಎಂದು ಮಂಟಪದ ಮುಂದೆಯೇ ಕೇಳಿದರು.

"ನಾ ಚೊಲೋ ಕಾಣಬೇಕಾಗಿಲ್ಲರಿ, ಮದುಮಗಳು ಕಂಡ್ರ ಸಾಕು" ಎಂದೆ.

ಆಲ್ಬಮ್ ಬಂದ ಮೇಲೆ ಕಾಕು ಸ್ಟುಡಿಯೋಕ್ಕೆ ಬಂದರು. ಮದುಮಗಳಿಗೆ ಸೀರೆ ಉಡಿಸುವ, ಮುಡಿ ಕಟ್ಟುವ, ತಾಯಿ ಕಣ್ಣೊರೆಸಿಕೊಳ್ಳುವ ಫೋಟೋಗಳನ್ನು ಮತ್ತೆ ಮತ್ತೆ ತಿರುವಿ ನೋಡಿದರು. ಗಂಡು ಫೋಟೋಗ್ರಾಫರನಿಗೆ ಆ ಕೋಣೆಯೊಳಗೆ ಪ್ರವೇಶವೇ ಇರುತ್ತಿರಲಿಲ್ಲ.

"ಇದು ನಮ್ಮ ಪದ್ಧತಿಗೆ ಚೊಲೋ ಆತು ನೋಡು. ಗಂಡಸರನ್ನ ಒಳಗ ಬಿಡೂದು ತಪ್ಪಿತು" ಎಂದರು. ಹೀಗೆ, ನನ್ನ ಕೆಲಸವನ್ನು ಒಪ್ಪಿಕೊಳ್ಳಲಿಕ್ಕೂ ಅವರು ಸಂಪ್ರದಾಯದೊಳಗಿನಿಂದಲೇ ಒಂದು ಕಾರಣ ಹುಡುಕಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಪಕ್ಷದ ಸಭಾಕ್ಕೂ ಇನ್ನ ಮ್ಯಾಲ ನೀನ ಬಾ. ನಿನ್ನ ಓಟ ನಮಗ ಬರೂದಿಲ್ಲ, ಗೊತ್ತೈತಿ. ನಿನ್ನ ಫೋಟೋ ನಮಗ ಬೇಕು" ಎಂದರು. ಅಂದಿನಿಂದ ನಾನು ಅವರಿಗೆ "ಫೋಟೋದಾಕಿ" ಆದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳಿಗೆ ಪಕ್ಷದ ಸಂಚಾಲಕಿ ಅವರು. ಪಕ್ಷ ಕಾರು ಕೊಟ್ಟರೂ ಹತ್ತುತ್ತಿರಲಿಲ್ಲ. ಸರಕಾರ ಹೆಂಗಸರಿಗೆ ಪುಕ್ಕಟೆ ಬಸ್ಸು ಮಾಡಿದಾಗ ಅವರ ಪಕ್ಷದ ಗಂಡಸರು ಕಟ್ಟೆಯ ಮೇಲೆ ಕುಳಿತು, ಬಸ್ಸು ಹತ್ತುವವರನ್ನು ನೋಡಿ ನಗುತ್ತಿದ್ದರು. ಕಾಕು ಮಾತ್ರ ಆಧಾರ್ ಕಾರ್ಡು ತೋರಿಸಿ ಸವದತ್ತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತುಬಿಡುತ್ತಿದ್ದರು. ಒಮ್ಮೆ ತರುಣನೊಬ್ಬ, "ಕಾಕು, ಅವರು ಕೊಟ್ಟ ಬಸ್ಸಿನ್ಯಾಗ ನೀವ ಹೊಂಟ್ರ ಹೆಂಗ್ರಿ?" ಎಂದ.

"ಅವರ ಅಪ್ಪನ ಬಸ್ಸೇನ? ನಮ್ಮ ತೆರಿಗಿ ರೊಕ್ಕದ್ದು" ಎಂದರು ಕಾಕು. "ಮತ್ತ ಇನ್ನೊಂದ ಕೇಳು. ಈ ಬಸ್ಸಿನ್ಯಾಗ ಕುಂತ ಹೆಣ್ಣಮಕ್ಕಳನ್ನ ನೋಡಿ ನೀವು ನಕ್ರೆಂದ್ರ, ಅವರು ಓಟ ಹಾಕೂ ಮುಂದ ನಿಮ್ಮನ್ನ ನೋಡಿ ನಗತಾರ. ಪುಕ್ಕಟೆ ಕೊಡೂದು ರಾಜ್ಯಕ್ಕ ಚೊಲೋ ಅಲ್ಲ ಅಂತ ನಂಗೂ ಅನಸತೈತಿ. ಅದನ್ನ ವಿಧಾನಸಭಾದಾಗ ಮಾತಾಡ್ರಿ. ಬಸ್‌ಸ್ಟ್ಯಾಂಡಿನ್ಯಾಗ ಅಲ್ಲ."

ಆ ಬಸ್ಸೇ ಅವರ ಸಮೀಕ್ಷೆ. ಪಕ್ಕದಲ್ಲಿ ಕುಳಿತವಳಿಗೆ ಎಲೆಯಡಿಕೆ ಕೊಟ್ಟು, ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ ಎಂಬಲ್ಲಿಂದ ಶುರು ಮಾಡಿದರೆ, ಬಸ್ಸು ಮಲಪ್ರಭೆಯ ಸೇತುವೆ ದಾಟುವುದರೊಳಗೆ ಕಾಲುವೆಗೆ ನೀರು ಬರುತ್ತದೋ ಇಲ್ಲವೋ, ಊರಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಹೊರಗೆ ಬರುತ್ತಿತ್ತು. ಪಕ್ಷದ ಹೆಸರು ಅವರು ಎತ್ತುತ್ತಲೇ ಇರಲಿಲ್ಲ. "ಮೊದಲಿಗೇ ಪಕ್ಷ ಅಂದ್ರ ಬಾಯಿ ಮುಚ್ಚತಾರ" ಎನ್ನುತ್ತಿದ್ದರು.

ಕಿತ್ತೂರಿನಲ್ಲಿ ಪ್ರತಿ ಸಭೆಯೂ ರಾಣಿಯ ಮೂರ್ತಿಗೆ ಮಾಲೆ ಹಾಕಿಯೇ ಶುರುವಾಗುತ್ತದೆ. ಒಮ್ಮೆ ಅಲ್ಲಿ ಮಾಲೆ ಹಾಕಿ, ಫೋಟೋಕ್ಕೆ ನಿಂತು, ಸಾಲಾಗಿ ನಿಂತ ಗಂಡಸರ ಕಡೆ ತಿರುಗಿ ಕೇಳಿದರು: "ಹಾರ ಎಲ್ಲಾ ಪಕ್ಷದವರೂ ಹಾಕತಾರ. ಇಲ್ಲಿ ಬೂತಿನ ಅಧ್ಯಕ್ಷರಾಗ ಹೆಣ್ಣಮಗಳು ಎಲ್ಲೆದಾಳ?" ಮುಂದಿನ ಸಲ ನಾನು ಫೋಟೋ ತೆಗೆಯಲು ಹೋದಾಗ ಸಾಲಿನಲ್ಲಿ ಹೆಂಗಸರಿದ್ದರು. ಒಬ್ಬಾಕೆ ನಡುಗುವ ದನಿಯಲ್ಲಿ ತನ್ನ ಬೂತಿನ ವರದಿ ಓದುತ್ತಿದ್ದರೆ, ಕಾಕು ಮಂದಿಯ ನಡುವೆ ಕುಳಿತು ತಲೆದೂಗುತ್ತಿದ್ದರು.

ರಾಮದುರ್ಗ ತಾಲೂಕಿನ ತೊರಗಲ್ಲಿನಲ್ಲಿ ಪಕ್ಷದ ಹುಡುಗರು ಚುನಾವಣೆ ಹತ್ತಿರ ಬಂತೆಂದು ಬೈಕ್ ರ್‍ಯಾಲಿ ಮಾಡಬೇಕೆಂದು ಕುಣಿಯುತ್ತಿದ್ದರು. ಕಾಕು ಅವರನ್ನೆಲ್ಲ ಕೋಟೆಯ ಬುಡಕ್ಕೆ ಕರೆದುಕೊಂಡು ಹೋಗಿ ನೆರಳಿಗೆ ಕೂರಿಸಿದರು. "ಈ ಕೋಟಿ ಕಟ್ಟಿದವರು ವೈರಿ ಬಂದ ಮ್ಯಾಲ ಕಲ್ಲ ಹೊರಾಕ ಹೋಗಲಿಲ್ಲ. ಮೊದಲ ಕಟ್ಟಿದ್ರು. ನೀವು ಚುನಾವಣಿ ಬಂದ ಮ್ಯಾಲ ಗಾಡಿ ಚಾಲೂ ಮಾಡತೀರಿ. ಈ ವರ್ಷ ನಿಮ್ಮೂರಾಗ ಯಾರ ಮನಿ ಹೆಣಕ್ಕ ಹೆಗಲ ಕೊಟ್ಟೀರಿ? ಯಾರ ಪಂಪಸೆಟ್ಟಿನ ಅರ್ಜಿ ಹಿಡದು ಆಫೀಸಿಗೆ ಹೋಗೀರಿ? ಅದನ್ನ ಹೇಳ್ರಿ, ಆಮ್ಯಾಲ ರ್‍ಯಾಲಿ ಮಾಡೂಣಂತ." ರ್‍ಯಾಲಿ ಆಗಲಿಲ್ಲ. ಒಂದಿಬ್ಬರು ಹುಡುಗರು ಮುನಿಸಿಕೊಂಡು ಪಕ್ಷ ಬಿಟ್ಟರು. ಉಳಿದವರು ಈಗಲೂ ಆ ಭಾಗದಲ್ಲಿ ಅವರ ಪಕ್ಷದ ಬೆನ್ನೆಲುಬು.

ಹೋದ ಚುನಾವಣೆಯಲ್ಲಿ ಬೈಲಹೊಂಗಲದ ಟಿಕೆಟ್ಟನ್ನು ಅವರ ಪಕ್ಷ ಹೊರಗಿನಿಂದ ಬಂದ ಒಬ್ಬ ಶ್ರೀಮಂತನಿಗೆ ಕೊಟ್ಟಿತ್ತು. ಕಾಕು ಆಗಲೇ ಹೇಳಿದ್ದರಂತೆ, "ಬೀಗರು ಬಂದ್ರ ಹೋಳಿಗಿ ಊಟ ಹಾಕ್ರಿ. ಮನಿ ಕೀಲಿ ಕೊಡಬ್ಯಾಡ್ರಿ" ಎಂದು. ಪಕ್ಷ ಸೋತಿತು, ಬೀಗರು ಮರಳಿ ತಮ್ಮ ಹಳೆಯ ಪಕ್ಷಕ್ಕೆ ಹೋದರು. ಅಂದಿನಿಂದ ಕಾಕುವಿನ ಮಾತಿಗೆ ತೂಕ ಬಂತು. ಮುಂದಿನ ಸಲ ಅವರಿಗೇ ಟಿಕೆಟ್ಟು ಎಂಬ ಮಾತು ಮಾರ್ಕೆಟ್ಟಿನಲ್ಲೂ ಬಸ್ಸಿನಲ್ಲೂ ಹರಿದಾಡತೊಡಗಿತು.

ಇದೇ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಮದುವೆಯಾಯಿತು. ನನ್ನ ತಮ್ಮ ಆನಂದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಧಾರವಾಡದ ಬಸ್ಸಿನಲ್ಲಿ ದಿನಾ ಜೊತೆಗೆ ಓಡಾಡುತ್ತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಪಲ್ಲವಿಯನ್ನು ಮೆಚ್ಚಿದ, ಅವಳೂ ಮೆಚ್ಚಿದಳು. ಪಲ್ಲವಿಯ ತಂದೆ ನಮ್ಮ ತಾಲೂಕಿನ ದೊಡ್ಡ ಜಮೀನ್ದಾರರು. ಎಲ್ಲರೂ ಸಾವ್ಕಾರರು ಎನ್ನುತ್ತಾರೆ. ಅಷ್ಟೇ ಅಲ್ಲ, ಕಾಕುವಿನ ಎದುರು ಪಕ್ಷದ ಪ್ರಬಲ ಹುರಿಯಾಳೂ ಅವರೇ. ಸೌಮ್ಯ ಮನುಷ್ಯ, ಒಳ್ಳೆಯ ಹೆಸರು. ಆದರೆ ಈ ಮದುವೆಗೆ ಅವರು ಒಪ್ಪಲಿಲ್ಲ, ಬರಲಿಲ್ಲ, ಆಮೇಲೆ ಮಗಳ ಜೊತೆ ಮಾತೂ ಬಿಟ್ಟರು. ವಿಹಾರದಲ್ಲಿ ಬಿಳಿ ಬಟ್ಟೆ ಉಟ್ಟು, ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿ ಇಬ್ಬರೂ ಗಂಡ ಹೆಂಡಿರಾದರು. ಫೋಟೋ ನಾನೇ ತೆಗೆದೆ. ಅದರಲ್ಲಿ ಪಲ್ಲವಿಯ ಮುಖದ ಮೇಲೆ ಬತ್ತಿಯ ಬೆಳಕು ಬಿದ್ದ ಒಂದು ಚಿತ್ರ ನನಗೆ ತುಂಬ ಇಷ್ಟವಾಗಿ ಸ್ಟುಡಿಯೋದ ಆನ್‌ಲೈನ್ ಪುಟದಲ್ಲಿ ಹಾಕಿದ್ದೆ.

ಮರುದಿನ ಕಾಕು ಅಂಗಡಿಗೆ ಕರೆಸಿದರು. ಚಹಾ ತರಿಸಿದರು. ಆಮೇಲೆ ನೆಟ್ಟಗೆ ವಿಷಯಕ್ಕೆ ಬಂದರು.

"ಇದು ಚೊಲೋ ಆಗಲಿಲ್ಲ, ಫೋಟೋದಾಕಿ."

"ಯಾಕ್ರಿ? ನಮ್ಮ ಜಾತಿ ಸಲುವಾಗೇನ್ರಿ?"

"ಹೂಂ, ಅದೂ ಐತಿ. ಸುಳ್ಳ ಯಾಕ ಹೇಳ್ಲಿ? ನಮ್ಮ ಕಾಲದಾಗ ಹಿರ್ಯಾರ ನೋಡಿ ಮಾಡತಿದ್ರು. ತಂದಿ ತಾಯಿ ಕಣ್ಣಾಗ ನೀರ ಹಾಕಿಸಿ ಕಟ್ಟಿದ ಮನಿ ನನಗ ಸೇರೂದಿಲ್ಲ. ನಾ ನಿಮ್ಮ ಮನಿಗೆ ಅಕ್ಕಿಕಾಳ ಹಾಕಾಕ ಬರೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಬರಬ್ಯಾಡ್ರಿ. ನಿಮ್ಮನ್ನ ಯಾರೂ ಕರದಿಲ್ಲ" ಎಂದು ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಅವರು ತಡೆಯಲಿಲ್ಲ. ಕೆಲವು ವಾರ ನಾವು ಮಾತಾಡಲಿಲ್ಲ. ಮನಸ್ಸಿನಲ್ಲಿದ್ದುದನ್ನು ಹಿಂದೆ ಆಡದೆ ಎದುರೇ ಆಡಿದರಲ್ಲ ಎಂದು ಅಪ್ಪ ಸಮಾಧಾನ ಹೇಳಿದ. ನನಗೆ ಸಮಾಧಾನವಾಗಲಿಲ್ಲ. ಎದುರು ಆಡಿದರೆ ನೋವು ಕಡಿಮೆಯಾಗುತ್ತದೆಯೇ?

ಆಮೇಲೆ ಪಕ್ಷದ ಕಚೇರಿಯಿಂದ ಕರೆ ಬಂತು. ನಾಲ್ಕೂ ತಾಲೂಕಿನ ಪದಾಧಿಕಾರಿಗಳ ಸಭೆ, ಬೈಲಹೊಂಗಲದ ಕಲ್ಯಾಣ ಮಂಟಪದಲ್ಲಿ, ವಿಡಿಯೋ ಮಾಡಬೇಕು ಎಂದರು. ಕೆಲಸ ಕೆಲಸವೇ ಎಂದು ಹೋದೆ. ಜಿಲ್ಲೆಯ ಮುಖಂಡರೊಬ್ಬರು ಬಂದಿದ್ದರು. ಜೊತೆಗೆ ಬೆಂಗಳೂರಿನಿಂದ ಒಬ್ಬ ತರುಣ, ಚುನಾವಣೆಯ ತಂತ್ರ ಹೇಳಿಕೊಡುವ ಸಂಸ್ಥೆಯವನು, ಲ್ಯಾಪ್‌ಟಾಪ್ ತೆರೆದು ಪರದೆಯ ಪಕ್ಕ ನಿಂತಿದ್ದ. ಕಾಕು ಮುಂದಿನ ಸಾಲಿನಲ್ಲಿದ್ದರು. ಅವರ ಹಿಂದೆ ಹಳ್ಳಿಗಳಿಂದ ಬಂದ ಹೆಂಗಸರು. ನಾನು ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಹೂಡಿದೆ.

ತರುಣ ಚೆನ್ನಾಗಿಯೇ ಮಾತಾಡಿದ. ಬೈಲಹೊಂಗಲದಲ್ಲಿ ಎದುರಾಳಿಯ ಬಲವೆಂದರೆ ಅವರ ಒಳ್ಳೆಯ ಹೆಸರು, ಅದನ್ನು ಮುರಿಯದೆ ಗೆಲುವಿಲ್ಲ ಎಂದ. "ಅದಕ್ಕೆ ಒಂದು ಸಣ್ಣ ವಿಡಿಯೋ ಮಾಡಿದ್ದೀವಿ. ಎಲ್ಲರ ಫೋನಿಗೂ ಹೋಗಬೇಕು, ಆದರೆ ಪಕ್ಷದ ಹೆಸರು ಎಲ್ಲೂ ಇರಲ್ಲ" ಎಂದು ಗುಂಡಿ ಒತ್ತಿದ.

ಪರದೆಯ ತುಂಬ ಪಲ್ಲವಿಯ ಮುಖ ಬಂತು. ಮೇಣದ ಬತ್ತಿಯ ಬೆಳಕು ಬಿದ್ದ ಅದೇ ಚಿತ್ರ. ಪಕ್ಕದಲ್ಲಿ ನನ್ನ ತಮ್ಮ. ಹಿಂದೆ ಭಯ ಹುಟ್ಟಿಸುವ ಸಂಗೀತ. ಅದರ ಮೇಲೆ ಕೆಂಪು ಅಕ್ಷರ: "ಸ್ವಂತ ಮಗಳನ್ನೇ ಕಾಯಲಾರದವನು ತಾಲೂಕನ್ನು ಕಾಯುತ್ತಾನೆಯೇ?"

ನನ್ನ ಕೈ ಕ್ಯಾಮೆರಾದ ಮೇಲೇ ಇತ್ತು. ತೆಗೆಯಬೇಕೋ, ನಿಲ್ಲಿಸಬೇಕೋ, ಹೊರಗೆ ಓಡಬೇಕೋ ತಿಳಿಯಲಿಲ್ಲ. ಆ ತರುಣನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದವರು ನೆಲ ನೋಡುತ್ತಿದ್ದರು.

"ಬಂದ್ ಮಾಡು ತಮ್ಮಾ ಅದನ್ನ."

ಕಾಕು ಎದ್ದು ನಿಂತಿದ್ದರು. ಹರಾಜಿನ ದನಿಯಲ್ಲ, ಮನೆಯೊಳಗಿನ ದನಿ. ತರುಣ ಮುಖಂಡರ ಕಡೆ ನೋಡಿದ. ಮುಖಂಡರು ನಕ್ಕು, "ಕಾಕು, ಈ ಮದುವಿ ತಪ್ಪ ಅಂತ ಮಾರ್ಕೆಟ್ಟಿನ್ಯಾಗ ನೀವ ಅಂತಿದ್ರಿ" ಎಂದರು.

"ಈಗೂ ಅಂತೇನಿ. ನನ್ನ ಅಂಗಡ್ಯಾಗ ಕುಂತು ಅಂತೇನಿ. ಆ ಹುಡುಗನ ಅಕ್ಕನ ಮಾರಿ ಮುಂದ ಅಂದೇನಿ, ಆಕಿ ಸಿಟ್ಟಾಗಿ ಎದ್ದ ಹೋಗ್ಯಾಳ. ಅದು ನನಗೂ ಆಕಿಗೂ ಬಿಟ್ಟದ್ದು. ಹೆಣ್ಣಮಕ್ಕಳ ಹೆಸರು ಸಂತ್ಯಾಗ ಎಳೀಬಾರದು ಅನ್ನೂದು ನಮ್ಮ ಹಿರ್ಯಾರ ಪದ್ಧತಿ. ಅಂಥಾದ್ದನ್ನ ಉಳಸಾಕಂತನ ಅಲ್ಲೇನು ನಾವು ಈ ಪಕ್ಷ ಕಟ್ಟಿದ್ದು? ಅದನ್ನ ಮುರದು ಗೆದ್ರ, ಗೆದ್ದ ಮ್ಯಾಲ ಏನ ಉಳಸತೀರಿ?"

"ಮೇಡಂ, ಇದರಿಂದ ಗಾಳಿ ನಮ್ಮ ಕಡೆ ತಿರುಗುತ್ತೆ" ಎಂದ ತರುಣ, ತಾಳ್ಮೆಯಿಂದ.

"ತಿರಗತೈತಿ ತಮ್ಮಾ. ತೂರೂ ಮುಂದ ಗಾಳಿ ಬೇಕು, ಖರೆ. ಆದ್ರ ಕಣದಾಗ ಕಾಳ ಇರಬೇಕಲ್ಲ? ನೀ ಲೆಕ್ಕದಾಗ ಶ್ಯಾಣ್ಯಾ ಇದ್ದಿ, ನಿಂಗೊಂದ ಲೆಕ್ಕ ಹೇಳತೇನಿ. ನಮ್ಮ ನಾಕೂ ತಾಲೂಕಿನ್ಯಾಗ ಮಗಳೋ, ಮಗನೋ ಮನಸಿಗೆ ಬಂದವರನ್ನ ಕಟಗೊಂಡ ಮನಿ ಇದೊಂದ ಐತೇನು? ಈ ಸಭಾದಾಗ ಕುಂತವರ ಮನ್ಯಾಗ ಇಲ್ಲೇನು? ಅವರೆಲ್ಲಾ ಇದನ್ನ ನೋಡಿ ಏನಂತಾರ? ‘ನಾಳಿ ನನ್ನ ಮಗಳದೂ ಹಾಕತಾರ’ ಅಂತ ಅಂಜತಾರ. ಅಂಜಿದವರು ನಿನ್ನ ಮೆರವಣಗಿಗೆ ಬರತಾರಪಾ. ಆದ್ರ ಓಟಿನ ಮಶೀನಿನ ಮುಂದ ಅವರು ಒಬ್ಬರ ಇರತಾರ."

ಮುಖಂಡರ ನಗು ಮಾಯವಾಗಿತ್ತು. "ಕಾಕು, ಟಿಕೆಟ್ಟಿನ ವಿಚಾರದಾಗ ನಿಮ್ಮ ಹೆಸರು ಮ್ಯಾಲ ಹೋಗೇತಿ. ಈ ಹೊತ್ತಿನ್ಯಾಗ ಶಿಸ್ತು ಕಾಯೂದು ನಿಮಗ ಚೊಲೋ" ಎಂದರು.

"ಹಂಗಾರ ಆ ಹೆಸರು ಕೆಳಗ ತಗೊಂಡ ಬರ್ರಿ" ಎಂದರು ಕಾಕು. ಆಮೇಲೆ ಹಿಂದಕ್ಕೆ ತಿರುಗಿ ಸಾಲಹಳ್ಳಿಯಿಂದ ಬಂದಿದ್ದ ಒಬ್ಬ ರೈತ ಹೆಂಗಸನ್ನು ಕೇಳಿದರು: "ಯವ್ವಾ, ನಮ್ಮ ಪಕ್ಷದ ಪರವಾಗಿ ಮನಿ ಮನಿ ತಿರಗಾಕಿ ನೀನು. ಈ ವಿಡಿಯೋ ತೋರಿಸಿ ಓಟ ಕೇಳತೀಯೇನು?"

ಆ ಹೆಂಗಸು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಇದನ್ನ ತಗೊಂಡು ಹ್ವಾದ್ರ ನಮ್ಮ ಓಣ್ಯಾಗ ಒಂದ ಕಪ್ಪು ಚಾ ಸುದ್ದಾ ಯಾರೂ ಕೊಡೂದಿಲ್ಲರಿ ಕಾಕು. ನಾ ಒಲ್ಲೆ."

ಯಾರೋ ನಕ್ಕರು. ಆ ನಗುವಿನೊಂದಿಗೆ ಸಭೆಯ ಬಿಗಿ ಸಡಿಲಾಯಿತು. ಕಿತ್ತೂರಿನ ಬೂತಿನ ಹೆಂಗಸರು, ಸವದತ್ತಿಯವರು, ಒಬ್ಬೊಬ್ಬರಾಗಿ ತಾವೂ ಒಲ್ಲೆವು ಎಂದರು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಅವರ ಮಗಳೂ ಹೀಗೇ ಮದುವೆಯಾಗಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು, ಎದ್ದು ನಿಂತು, "ಅದನ್ನ ಅಳಿಸಿಬಿಡ್ರಿ" ಎಂದಷ್ಟೇ ಹೇಳಿ ಕುಳಿತರು. ತರುಣ ಲ್ಯಾಪ್‌ಟಾಪ್ ಮುಚ್ಚಿದ. ಆ ವಿಡಿಯೋ ಯಾರ ಫೋನಿಗೂ ಹೋಗಲಿಲ್ಲ.

ಅಷ್ಟು ಹೊತ್ತೂ ಕಾಕು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಊಟದ ಹೊತ್ತಿಗೆ ನಾನು ವೈರು ಸುತ್ತುತ್ತಿದ್ದಾಗ ಹತ್ತಿರ ಬಂದು ನಿಂತರು.

"ನಾ ಮಾತಾಡಿದ್ದೆಲ್ಲಾ ಬಂದೇತೇನ ಕ್ಯಾಮೆರಾದಾಗ?"

"ಬಂದೇತ್ರಿ."

"ಸೆರಗ ಸರಿ ಇತ್ತೇನು?"

"ಇತ್ರಿ ಕಾಕು."

"ಹಂಗಾರ ಆತು. ನಿನ್ನ ಸಲುವಾಗಿ ಅಂತ ತಿಳಕೋಬ್ಯಾಡ ಮತ್ತ. ನಿಮ್ಮ ಮನಿಗೆ ನಾ ಈಗೂ ಬರೂದಿಲ್ಲ" ಎಂದು ಪಂಕ್ತಿಯ ಕಡೆ ನಡೆದರು. ನಾನು ಅಳುತ್ತಿದ್ದೆನೋ, ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಮುಖಂಡರು ಹೇಳಿದಂತೆಯೇ ಮಾಡಿದರು. ಸ್ವಲ್ಪ ದಿನಗಳಲ್ಲಿ ನಾಲ್ಕು ತಾಲೂಕಿನ ಸಂಚಾಲಕತ್ವ ಬೇರೊಬ್ಬರಿಗೆ ಹೋಯಿತು. ವಯಸ್ಸಾದವರಿಗೆ ವಿಶ್ರಾಂತಿ ಎಂದು ಪತ್ರಿಕೆಯಲ್ಲಿ ಬಂತು. ಟಿಕೆಟ್ಟಿನ ಮಾತಿನಲ್ಲಿ ಅವರ ಹೆಸರು ಆಮೇಲೆ ಕೇಳಿಬರಲಿಲ್ಲ. ಮಾರ್ಕೆಟ್ಟಿನಲ್ಲಿ ಹರಾಜು ಮುಗಿದು ಹಮಾಲರು ಊಟಕ್ಕೆ ಹೋದ ಒಂದು ಮಧ್ಯಾಹ್ನ ಅವರ ಅಂಗಡಿಗೆ ಹೋದೆ. ಗಾದಿಯ ಮೇಲೆ ಒಬ್ಬರೇ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಕಾಕು, ಶಾಸಕಿ ಆಗಬೇಕು ಅಂತ ಆಸೆ ಇತ್ತೇನ್ರಿ?" ಎಂದು ಕೇಳಿಯೇಬಿಟ್ಟೆ.

"ಇತ್ತು" ಎಂದರು, ಸ್ವಲ್ಪವೂ ತಡವರಿಸದೆ. "ವಿಧಾನಸೌಧದ ಮೆಟ್ಟಲ ಹತ್ತಬೇಕು, ಕಾಲವಿ ನೀರಿನ ಮ್ಯಾಲ ಒಮ್ಮೆ ಗಟ್ಟಿಯಾಗಿ ಮಾತಾಡಬೇಕು ಅಂತ ಇತ್ತು. ಒಂದ ಇಳಕಲ್ ಸೀರಿ ಸುದ್ದಾ ತಗದ ಇಟ್ಟಿದ್ದೆ. ಇಲ್ಲ ಅಂದ್ರ ಸುಳ್ಳ ಆಗತೈತಿ." ಶೇಂಗಾದ ಸಿಪ್ಪೆ ಊದಿ ಕಾಳು ನನ್ನ ಅಂಗೈಗೆ ಹಾಕಿದರು. ಅವರ ಕಣ್ಣುಗಳು ಕೆಂಪಾಗಿದ್ದವು. ಧೂಳಿಗೆ ಇರಬಹುದು, ಮಾರ್ಕೆಟ್ಟಿನಲ್ಲಿ ಧೂಳು ಬಹಳ.

"ಹಂಗಾರ ಆ ಪಕ್ಷದಾಗ ಇನ್ನೂ ಯಾಕ ಇದ್ದೀರಿ? ಬಿಟ್ಟಬಿಡ್ರಿ."

"ಮಾಳಗಿ ಸೋರತೈತಿ ಅಂತ ಮನಿ ಬಿಡತಾರೇನ ಹುಚ್ಚಿ? ಮ್ಯಾಲ ಹತ್ತಿ ಮಣ್ಣ ಹಾಕತಾರ. ನಾಳಿ ರಾಮದುರ್ಗಕ್ಕ ಹೊಂಟೇನಿ. ಅಲ್ಲಿ ಹುಡುಗೂರು ಕರದಾರ."

ಹುದ್ದೆ ಹೋದ ಮೇಲೂ ಅವರು ಅದೇ ಬಸ್ಸು ಹತ್ತುತ್ತಿದ್ದರು. ಹೊಸ ಸಂಚಾಲಕರು ಸಭೆ ಕರೆದರೆ ಕುರ್ಚಿಗಳು ಖಾಲಿ ಇರುತ್ತಿದ್ದವು. ಕಾಕು ಬರುತ್ತಾರೆ ಎಂದು ಬಾಯಿಂದ ಬಾಯಿಗೆ ಸುದ್ದಿ ಹೋದರೆ, ಕಟ್ಟೆಯ ಮೇಲೆ ಕೂರಲು ಜಾಗ ಸಾಲುತ್ತಿರಲಿಲ್ಲ. ಕೊನೆಗೆ ಹೊಸ ಸಂಚಾಲಕರೇ ಬಂದು ಅವರ ಪಕ್ಕ ಕುಳಿತು ಕೆಲಸ ಕಲಿಯತೊಡಗಿದರು. ಪಾಪ, ಆ ಸಂಚಾಲಕ ಒಳ್ಳೆಯವನು. ಕಾಕು ಅವನಿಗೆ ಏನೊಂದೂ ಮುಚ್ಚಿಡಲಿಲ್ಲ. "ಪಕ್ಷ ಗೆಲ್ಲಬೇಕು. ನಾ ಗೆಲ್ಲಬೇಕಂತ ಎಲ್ಲಿ ಬರದೈತಿ?" ಎನ್ನುತ್ತಿದ್ದರು. ಬರುವ ಚುನಾವಣೆಯಲ್ಲಿ ನಾಲ್ಕೂ ತಾಲೂಕಿನಲ್ಲಿ ತಮ್ಮ ಪಕ್ಷವೇ ಗೆಲ್ಲುತ್ತದೆ ಎಂದು ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ನಂಬಿಕೆಯನ್ನು ನೋಡಿ ನನಗೆ ದಿಗಿಲೂ ಆಗುತ್ತಿತ್ತು, ಮೆಚ್ಚಿಕೆಯೂ ಆಗುತ್ತಿತ್ತು.

ಆ ಸಭೆಯ ವಿಷಯ ಊರಲ್ಲಿ ಉಳಿಯುವುದುಂಟೇ? ಪಲ್ಲವಿಯ ತಂದೆಯ ಕಿವಿಗೂ ಬಿತ್ತು. ಒಂದು ದಿನ ಸಂಜೆ ನಾನು ಕಾಕುವಿಗೆ ಅವರ ಸಭೆಯ ಫೋಟೋಗಳನ್ನು ಕೊಡಲು ಹೋಗಿದ್ದಾಗ ಅಂಗಡಿಯ ಮುಂದೆ ಸಾವ್ಕಾರರ ಕಾರು ನಿಂತಿತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ನನ್ನನ್ನು ನೋಡಿ ಒಂದು ಕ್ಷಣ ನಿಂತರು, ಆಮೇಲೆ ಮುಖ ತಿರುಗಿಸಿ ಕಾಕುವಿನ ಮುಂದೆ ಗಾದಿಯ ಅಂಚಿಗೆ ಕುಳಿತರು. ನಾನು ಎದ್ದು ಹೊರಡಲು ನೋಡಿದೆ. ಕಾಕು ಕಣ್ಣಲ್ಲೇ ಕುಳಿತುಕೋ ಎಂದರು.

"ನಿಮ್ಮಿಂದ ದೊಡ್ಡ ಉಪಕಾರ ಆತರಿ ಕಾಕು" ಎಂದರು ಸಾವ್ಕಾರರು. ದನಿ ಒಡೆದಿತ್ತು. "ನಮ್ಮ ಪಕ್ಷದವರ ಸುದ್ದಾ ಇಷ್ಟು ಮಾಡತಿದ್ದಿಲ್ಲ."

"ಉಪಕಾರ ಗಿಪಕಾರ ಏನಿಲ್ಲರಿ ಸಾವ್ಕಾರ್ರ. ಚುನಾವಣ್ಯಾಗ ನಿಮ್ಮನ್ನ ಸೋಲಸ್ತೇವಿ. ಹಂಗ ಸೋಲಸ್ತೇವಿ ಅಂದ್ರ, ಮತ್ತ ನಿಲ್ಲಬಾರದು ನೀವು. ಆದ್ರ ನಿಮ್ಮನ್ನ ಸೋಲಸ್ತೇವಿ, ನಿಮ್ಮ ಮಗಳನ್ನಲ್ಲ."

ಸಾವ್ಕಾರರು ನಗಲು ನೋಡಿದರು, ಆಗಲಿಲ್ಲ. ತಲೆ ತಗ್ಗಿಸಿ ಗಾದಿಯ ಮೇಲಿನ ಕಾಳೊಂದನ್ನು ಬೆರಳಲ್ಲಿ ಉರುಳಿಸುತ್ತ ಕುಳಿತರು.

"ಮಗಳ ಮಾರಿ ನೋಡೀರೇನು ಅವತ್ತಿನಿಂದ?" ಕಾಕು ಕೇಳಿದರು.

ಸಾವ್ಕಾರರು ಇಲ್ಲವೆಂದು ತಲೆಯಾಡಿಸಿದರು.

"ನಂಗೂ ಆ ಮದುವಿ ಸೇರಿಲ್ಲ. ನಿಮಗೂ ಸೇರಿಲ್ಲ. ಆತು, ಇಬ್ಬರದೂ ಒಂದ ಮಾತು. ಆದ್ರ ಆಗೇತಿ. ಆಗಿದ್ದ ಮನಿ ಉಳಸೂದು ಹಿರ್ಯಾರ ಕೆಲಸ, ಮುರಿಯೂದಲ್ಲ. ಹೋಗ್ರಿ, ಮೊದಲ ಅಲ್ಲಿ ಹೋಗಿ ಒಂದ ವಾಟಗಾ ನೀರ ಕುಡೀರಿ. ಆಮ್ಯಾಲ ಪ್ರಚಾರಕ್ಕ ಬರ್ರಿ. ಮನ್ಯಾಗ ಸೋತ ಕುಂತಾವನ್ನ ಓಟಿನ್ಯಾಗ ಸೋಲಸಿದ್ರ ನಮಗೇನ ಮಜಾ?"

ಸಾವ್ಕಾರರು ಆ ಕಾಳನ್ನು ಗಾದಿಯ ಮೇಲೇ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು, ಮೊದಲ ಸಲ ನನ್ನ ಮುಖ ನೋಡಿ, "ಮನ್ಯಾಗ ಇರತಾಳೇನ್ರಿ ಆಕಿ, ಈಗ?" ಎಂದು ಕೇಳಿದರು.

"ಇರತಾಳ್ರಿ. ಬ್ಯಾಂಕಿನಿಂದ ಬಂದಿರತಾಳ" ಎಂದೆ.

ಕಾರು ಹೊರಟಿತು. ಕಾಕು ಗಾದಿಯಿಂದ ಏಳದೆಯೇ ಕತ್ತು ಉದ್ದ ಮಾಡಿದರು. "ಎತ್ತಾಗ ತಿರಗತೈತಿ ನೋಡ."

ಓಡಿಹೋಗಿ ನೋಡಿದೆ. ಯಾರ್ಡಿನ ಗೇಟು ದಾಟಿದ ಕಾರು ಸ್ವಲ್ಪ ನಿಂತು, ಆಮೇಲೆ ನಮ್ಮ ಓಣಿಯ ಕಡೆ ತಿರುಗಿತು. ನನಗೆ ಕಣ್ಣು ಮಂಜಾಯಿತು. "ನಮ್ಮ ಓಣಿಗೇ ಹೋತ್ರಿ, ಕಾಕು."

ಕಾಕು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು, ಗಾದಿಯ ಮೇಲೆ ನೆಟ್ಟಗೆ ಕುಳಿತರು.

"ಹಂಗಾರ ನಮ್ಮ ಹುಡುಗೂರಿಗೆ ಫೋನ ಹಚ್ಚು. ನಾಳಿಂದನ ಹಳ್ಳಿ ತಿರಗಾಕ ಚಾಲೂ ಮಾಡಬೇಕು. ಈ ಮನಿಷ್ಯಾ ಈಗ ಗಟ್ಟಿ ಆಗತಾನ."